ಬುಡಕಟ್ಟು ಭಾಷೆಗಳಿಗೆ ಬೈಬಲ್ ಅನುವಾದ: ಕೇಳುಗರ ನೆಲೆಯಿಂದ ಒಂದು ಜಾನಪದೀಯ ವಿಮರ್ಶೆ

ಪ್ರವೇಶ

ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳಿಗೆ ಅನುವಾದಗೊಂಡ ಗ್ರಂಥ ಬೈಬಲ್. ಇಡೀ ಬೈಬಲ್ ಇಂದು 700ಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆ. ಹೊಸ ಒಡಂಬಡಿಕೆಯನ್ನು ಮಾತ್ರ ಅಥವಾ ಒಂದೆರಡು ಸುವಾರ್ತೆಗಳನ್ನು ಮಾತ್ರ ಪಡೆದಿರುವ ಭಾಷೆಗಳ ಸಂಖ್ಯೆ ಇದಕ್ಕಿಂತಲೂ ದೊಡ್ಡದು. ಕಾಡು, ಕಣಿವೆ, ದ್ವೀಪಗಳಲ್ಲಿ ಬದುಕುವ ಎಷ್ಟೋ ಸಮುದಾಯಗಳಿಗೆ ತಮ್ಮ ಭಾಷೆಯಲ್ಲಿ ಅಚ್ಚಾದ ಮೊದಲ ಪುಸ್ತಕವೇ ಬೈಬಲಿನ ಒಂದು ಭಾಗವಾಗಿದೆ. ಈ ಕಾರಣದಿಂದ ಬೈಬಲ್ ಅನುವಾದವು ಕೇವಲ ಧರ್ಮಪ್ರಸಾರದ ಚರಿತ್ರೆಗೆ ಸೇರಿದ ವಿಷಯವಲ್ಲ. ಅಕ್ಷರವಿಲ್ಲದ ಸಮುದಾಯವೊಂದು ಅಕ್ಷರದ ಎದುರು ನಿಂತ ಗಳಿಗೆಯನ್ನು ಅರಿಯಬಯಸುವ ಜಾನಪದ ವಿದ್ವಾಂಸರಿಗೂ ಇದು ಅಧ್ಯಯನದ ವಸ್ತುವಾಗಿದೆ.

ಈ ಕಾರ್ಯವನ್ನು ಕುರಿತು ಎರಡು ಬಗೆಯ ನಿಲುವುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮಿಷನರಿಗಳು ಅಳಿಯುತ್ತಿದ್ದ ಭಾಷೆಗಳಿಗೆ ಲಿಪಿ, ವ್ಯಾಕರಣ, ನಿಘಂಟುಗಳನ್ನು ಕೊಟ್ಟು ಉಳಿಸಿದರು ಎಂಬುದು ಒಂದು. ಅವರು ಬುಡಕಟ್ಟುಗಳ ನಂಬಿಕೆ, ಆಚರಣೆಗಳನ್ನು ನಾಶಮಾಡಿ ಹೊರಗಿನ ಶಕ್ತಿಗಳಿಗೆ ದಾರಿ ತೆರೆದರು ಎಂಬುದು ಇನ್ನೊಂದು. 1971ರಲ್ಲಿ ಬಾರ್ಬಡೋಸ್‌ನಲ್ಲಿ ಸೇರಿದ ಮಾನವಶಾಸ್ತ್ರಜ್ಞರು ಹೊರಡಿಸಿದ ಘೋಷಣೆಯು ಲ್ಯಾಟಿನ್ ಅಮೆರಿಕದ ಬುಡಕಟ್ಟುಗಳ ನಡುವೆ ಮಿಷನರಿ ಚಟುವಟಿಕೆ ನಿಲ್ಲಬೇಕೆಂದು ಕೇಳಿತು. 1982ರಲ್ಲಿ ಪ್ರಕಟವಾದ ಡೇವಿಡ್ ಸ್ಟೋಲ್ ಅವರ ಗ್ರಂಥವು ಇದೇ ಪ್ರಶ್ನೆಯನ್ನು ವಿವರವಾದ ಸಾಕ್ಷ್ಯಗಳೊಂದಿಗೆ ಎತ್ತಿತು. ಈ ಎರಡೂ ನಿಲುವುಗಳಲ್ಲಿ ಸತ್ಯಾಂಶವಿದೆ. ಆದರೆ ಎರಡೂ ಕೊಟ್ಟವರನ್ನೇ ಕೇಂದ್ರದಲ್ಲಿಟ್ಟು ಮಾತಾಡುತ್ತವೆ. ಒಂದರಲ್ಲಿ ಬುಡಕಟ್ಟಿನ ಜನ ಫಲಾನುಭವಿಗಳು, ಇನ್ನೊಂದರಲ್ಲಿ ಬಲಿಪಶುಗಳು. ಎರಡರಲ್ಲಿಯೂ ಅವರು ಕಥೆಯನ್ನು ಕೇಳಿ ತೂಗಿನೋಡಬಲ್ಲ ಕೇಳುಗರಾಗಿ ಕಾಣಿಸಿಕೊಳ್ಳುವುದಿಲ್ಲ.

ಅನುವಾದಗೊಂಡ ಕಥೆಯ ಅರ್ಥವನ್ನು ಕೊನೆಗೆ ನಿರ್ಧರಿಸುವುದು ಅನುವಾದಕನ ತರಬೇತಿಯಲ್ಲ, ಕೇಳುವ ಸಮುದಾಯದ ಕಥನ ಪರಂಪರೆ ಎಂಬುದು ಪ್ರಸ್ತುತ ಲೇಖನದ ವಾದ. ಇದಕ್ಕಾಗಿ ಎರಡು ಪ್ರಸಿದ್ಧ ಗ್ರಂಥಗಳನ್ನು ಇಲ್ಲಿ ಮುಖ್ಯವಾಗಿ ಪರಿಶೀಲಿಸಲಾಗಿದೆ. ಒಂದು, ಡಾನ್ ರಿಚರ್ಡ್‌ಸನ್ ಅವರ ‘ಪೀಸ್ ಚೈಲ್ಡ್’ (1974). ಇನ್ನೊಂದು, ಡೇನಿಯಲ್ ಎವರೆಟ್ ಅವರ ‘ಡೋಂಟ್ ಸ್ಲೀಪ್, ದೇರ್ ಆರ್ ಸ್ನೇಕ್ಸ್’ (2008). ಮೊದಲನೆಯದು ಗೆಲುವಿನ ಕಥೆಯೆಂದೂ ಎರಡನೆಯದು ಸೋಲಿನ ಕಥೆಯೆಂದೂ ಪ್ರಸಿದ್ಧವಾಗಿವೆ. ಜಾನಪದದ ಕಣ್ಣಿನಿಂದ ನೋಡಿದಾಗ ಈ ವಿಂಗಡಣೆ ನಿಲ್ಲುವುದಿಲ್ಲ.

ಬೇಸಗೆ ಶಿಬಿರದಿಂದ ಜಾನಪದ ಶಾಸ್ತ್ರಕ್ಕೆ

ಬುಡಕಟ್ಟುಗಳಿಗಾಗಿ ಅನುವಾದಕರನ್ನು ತರಬೇತುಗೊಳಿಸುವ ಆಧುನಿಕ ಕ್ರಮದ ಮೂಲಪುರುಷ ವಿಲಿಯಂ ಕ್ಯಾಮರೂನ್ ಟೌನ್ಸೆಂಡ್ (1896–1982). ಸ್ಪ್ಯಾನಿಷ್ ಬೈಬಲುಗಳನ್ನು ಮಾರುವುದಕ್ಕೆಂದು 1917ರಲ್ಲಿ ಗ್ವಾಟೆಮಾಲಾಕ್ಕೆ ಹೋದ ಈತನಿಗೆ, ಅಲ್ಲಿನ ಕಾಕ್ಚಿಕೆಲ್ ಜನರಲ್ಲಿ ಬಹುಮಂದಿಗೆ ಸ್ಪ್ಯಾನಿಷ್ ಓದಲು ಬಾರದೆಂಬುದು ತಿಳಿಯಿತು. ಅವರ ಭಾಷೆಯನ್ನು ಕಲಿತು ಮಾಡಿದ ಹೊಸ ಒಡಂಬಡಿಕೆಯ ಅನುವಾದ 1931ರಲ್ಲಿ ಅಚ್ಚಾಯಿತು. ಈ ಅನುಭವದಿಂದ ಆತ ಕಂಡುಕೊಂಡದ್ದು, ಭಕ್ತಿಯೊಂದರಿಂದ ಅನುವಾದ ಆಗದು, ಭಾಷಾವಿಜ್ಞಾನ ಬೇಕು ಎಂಬುದನ್ನು. 1934ರ ಬೇಸಗೆಯಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಇಬ್ಬರೇ ವಿದ್ಯಾರ್ಥಿಗಳೊಂದಿಗೆ ಒಂದು ಶಿಬಿರವನ್ನು ಆರಂಭಿಸಿದ. ಮುಂದೆ ‘ಸಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್’ ಎಂಬ ಜಾಗತಿಕ ಸಂಸ್ಥೆಯಾಗಿ ಬೆಳೆದದ್ದು ಇದೇ ಶಿಬಿರ. ಇದರ ಜೊತೆಗೆ ಮೆಕ್ಸಿಕೊದ ಚಿಯಾಪಾಸ್ ಕಾಡಿನಲ್ಲಿ ಇನ್ನೊಂದು ಬಗೆಯ ತರಬೇತಿಯೂ ನಡೆಯುತ್ತಿತ್ತು. ದಿನಗಟ್ಟಲೆ ನಡೆಯುವುದು, ದೋಣಿ ಹುಟ್ಟುಹಾಕುವುದು, ಕಾಡಿನ ಕಂಬ ಗಳಗಳಿಂದ ಗುಡಿಸಲು ಕಟ್ಟಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇವೆಲ್ಲ ಅಲ್ಲಿನ ಪಾಠಗಳು.

ಈ ಶಿಬಿರಕ್ಕೆ 1935ರಲ್ಲಿ ವಿದ್ಯಾರ್ಥಿಯಾಗಿ ಬಂದವರು ಕೆನೆತ್ ಪೈಕ್, ಅದರ ಮರುವರ್ಷ ಬಂದವರು ಯೂಜೀನ್ ನೈಡಾ. ಇವರಿಬ್ಬರೂ ಇಪ್ಪತ್ತನೆಯ ಶತಮಾನದ ಭಾಷಾಚಿಂತನೆಯಲ್ಲಿ ಹೆಸರಾದರು. ಒಂದು ಭಾಷೆಯಲ್ಲಿ ಕಿವಿಗೆ ಬೀಳುವ ಧ್ವನಿಭೇದಗಳೆಲ್ಲ ಅರ್ಥಭೇದಕವಲ್ಲ. ಯಾವುದು ಅರ್ಥಭೇದಕವೆಂಬುದನ್ನು ಆ ಭಾಷೆಯನ್ನಾಡುವವರೇ ತೋರಿಸಿಕೊಡಬೇಕು. ಕನ್ನಡದಲ್ಲಿ ‘ಕರ’ ಮತ್ತು ‘ಖರ’ ಬೇರೆ ಬೇರೆ ಪದಗಳು. ತಮಿಳಿನಲ್ಲಿ ಈ ಪ್ರಾಣಭೇದದಿಂದ ಅರ್ಥ ಬದಲಾಗದು. ಧ್ವನಿ ಮತ್ತು ಧ್ವನಿಮಾಗಳ ಈ ವ್ಯತ್ಯಾಸವನ್ನು ಪೈಕ್ 1954ರಲ್ಲಿ ಮಾನವ ವರ್ತನೆಗೆಲ್ಲ ವಿಸ್ತರಿಸಿದರು. ಹೊರಗಿನವನ ಅಳತೆಗೆ ಸಿಗುವ ಘಟಕ ‘ಎಟಿಕ್’, ಒಳಗಿನವರಿಗೆ ಅರ್ಥಪೂರ್ಣವಾದ ಘಟಕ ‘ಎಮಿಕ್’.

ಈ ಪರಿಕಲ್ಪನೆ ಜಾನಪದಕ್ಕೆ ಬಂದದ್ದು ಅಲನ್ ಡಂಡೆಸ್ ಅವರ ಮೂಲಕ. 1962ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಡಂಡೆಸ್, ಜನಪದ ಕಥೆಯ ‘ಆಶಯ’ವು ಎಟಿಕ್ ಘಟಕವೆಂದೂ, ಕಥೆಯ ರಚನೆಯೊಳಗೆ ಅದು ನಿರ್ವಹಿಸುವ ಕಾರ್ಯವೇ ಎಮಿಕ್ ಘಟಕವೆಂದೂ ವಾದಿಸಿ, ಎರಡನೆಯದನ್ನು ‘ಮೋಟಿಫೀಮ್’ ಎಂದು ಕರೆದರು. ಅಂದರೆ ನಮ್ಮ ವಿಶ್ವವಿದ್ಯಾಲಯಗಳ ಜಾನಪದ ತರಗತಿಗಳಲ್ಲಿ ನಾವು ಕಲಿತು ಕಲಿಸುವ ಒಂದು ಮುಖ್ಯ ಉಪಕರಣ ಬೈಬಲ್ ಅನುವಾದಕರ ಶಿಬಿರದ ಕಮ್ಮಟದಲ್ಲಿ ರೂಪುಗೊಂಡದ್ದು. ಈ ಋಣವನ್ನು ಮರೆತು ಮಿಷನರಿ ವಿದ್ವತ್ತನ್ನು ದೂರ ನಿಂತು ವಿಮರ್ಶಿಸುವ ಅಧಿಕಾರ ನಮಗಿಲ್ಲ.

ನೈಡಾ ಅವರ ಕೊಡುಗೆ ಬೇರೆ ಬಗೆಯದು. 1964ರ ತಮ್ಮ ಗ್ರಂಥದಲ್ಲಿ ಅವರು ಪದಕ್ಕೆ ಪದವನ್ನಿಡುವ ಅನುವಾದವನ್ನು ಬದಿಗಿಟ್ಟು, ಮೂಲದ ಓದುಗರಲ್ಲಿ ಉಂಟಾದ ಪ್ರತಿಕ್ರಿಯೆಗೆ ಸಮನಾದ ಪ್ರತಿಕ್ರಿಯೆಯನ್ನು ಹೊಸ ಕೇಳುಗರಲ್ಲಿ ಉಂಟುಮಾಡುವುದೇ ಅನುವಾದದ ಗುರಿಯೆಂದರು. ಕೇಳುಗನಿಗೆ ಇಷ್ಟು ಮಹತ್ವ ಕೊಟ್ಟ ಅನುವಾದ ಸಿದ್ಧಾಂತ ಅದಕ್ಕೆ ಹಿಂದೆ ವಿರಳ. ಆದರೆ ಇಲ್ಲಿ ಒಂದು ತೊಡಕಿದೆ. ಸರಿಯಾದ ಪ್ರತಿಕ್ರಿಯೆ ಯಾವುದೆಂಬುದು ಅನುವಾದಕನಿಗೆ ಮೊದಲೇ ಗೊತ್ತಿರುತ್ತದೆ. ಕೇಳುಗರು ಬೇರೆ ರೀತಿಯಲ್ಲಿ ಪ್ರತಿಕ್ರಿಯಿಸಿದರೆ ಅದು ಅನುವಾದದ ದೋಷವೆಂದೋ ಸಂಸ್ಕೃತಿಯ ಅಡ್ಡಿಯೆಂದೋ ದಾಖಲಾಗುತ್ತದೆ, ಕಥೆಯ ಮೇಲಿನ ವಿಮರ್ಶೆಯೆಂದು ದಾಖಲಾಗುವುದಿಲ್ಲ. ಸಂದೇಶವೆಂಬುದು ತೆಂಗಿನಕಾಯಿಯೊಳಗಿನ ನೀರು, ಭಾಷೆ ಮತ್ತು ಕಥನರೂಪಗಳು ಅದರ ಚಿಪ್ಪು, ಚಿಪ್ಪು ಬದಲಾದರೂ ನೀರು ಅದೇ ಎಂಬ ಗ್ರಹಿಕೆ ಈ ಸಿದ್ಧಾಂತದ ತಳದಲ್ಲಿದೆ. ಮೌಖಿಕ ಪರಂಪರೆಯನ್ನು ಬಲ್ಲವರಿಗೆ ಈ ಗ್ರಹಿಕೆ ಅನುಮಾನ ಹುಟ್ಟಿಸುತ್ತದೆ. ಅದನ್ನು ಪರೀಕ್ಷಿಸಲು ಈಗ ಮೊದಲ ಗ್ರಂಥವನ್ನು ಎತ್ತಿಕೊಳ್ಳಬಹುದು.

ಯೂದನು ನಾಯಕನಾದ ಬಗೆ

ಕೆನಡಾದ ಡಾನ್ ರಿಚರ್ಡ್‌ಸನ್ (1935–2018) 1962ರಲ್ಲಿ ಹೆಂಡತಿ ಮತ್ತು ಹಸುಗೂಸಿನೊಂದಿಗೆ ಅಂದಿನ ಡಚ್ ನ್ಯೂಗಿನಿಯ, ಅಂದರೆ ಇಂದಿನ ಇಂಡೊನೇಷ್ಯಾದ ಪಾಪುವಾ ಪ್ರದೇಶದ, ಸಾವಿ ಜನರ ನಡುವೆ ನೆಲೆಸಿದರು. ಜೌಗುನೆಲದ ಕಾಡಿನಲ್ಲಿ ಬದುಕುವ ಸಾವಿಗಳು ಅಂದು ತಲೆಬೇಟೆಗೆ ಹೆಸರಾಗಿದ್ದವರು. ರಿಚರ್ಡ್‌ಸನ್ ಅವರ ಭಾಷೆಯನ್ನು ಕಲಿತು ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹೇಳಿದಾಗ ಕೇಳುಗರು ಮೆಚ್ಚಿದ್ದು ಯೇಸುವನ್ನಲ್ಲ, ಇಸ್ಕರಿಯೋತ ಯೂದನನ್ನು. ಜೊತೆಯಲ್ಲಿ ಉಂಡು, ಜೊತೆಯಲ್ಲಿ ನಡೆದು, ಕೊನೆಗೆ ಮುತ್ತಿಟ್ಟು ಹಿಡಿದುಕೊಟ್ಟ ಯೂದ ಅವರ ಕಣ್ಣಿಗೆ ವೀರನಾಗಿ ಕಂಡ. ಎದುರಾಳಿಯನ್ನು ಸ್ನೇಹದಿಂದ ಕೊಬ್ಬಿಸಿ ಕೊಲ್ಲುವುದು ಅವರಲ್ಲಿ ಉನ್ನತ ಸಾಹಸವೆಂದು ಹೊಗಳಿಸಿಕೊಂಡ ಕಥಾವಸ್ತುವಾಗಿತ್ತು.

ಇದನ್ನು ಕ್ರೌರ್ಯದ ಉದಾಹರಣೆಯೆಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ಡಂಡೆಸ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಆಶಯ ಒಂದೇ, ಮೋಟಿಫೀಮ್ ಬೇರೆ. ‘ಸ್ನೇಹದ ಮುಖವಾಡದ ದ್ರೋಹ’ ಎಂಬ ಆಶಯವು ಸುವಾರ್ತೆಯಲ್ಲಿ ಪತನದ ಸ್ಥಾನದಲ್ಲಿದ್ದರೆ, ಸಾವಿ ಕಥನದಲ್ಲಿ ಸಿದ್ಧಿಯ ಸ್ಥಾನದಲ್ಲಿದೆ. ಇದೇನೂ ವಿಚಿತ್ರವಲ್ಲ. ನಮ್ಮ ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಮಾದಪ್ಪ ಶ್ರವಣನನ್ನು ಉಪಾಯದಿಂದ ಮುಗಿಸುವ ಭಾಗವನ್ನು ಒಕ್ಕಲುಗಳು ಭಕ್ತಿಯಿಂದ ಕೇಳುತ್ತಾರೆ. ಅಲ್ಲಿ ಮೋಸವಾಯಿತೆಂದು ಯಾರೂ ಎದ್ದುಹೋಗುವುದಿಲ್ಲ. ಅದೇ ಉಪಾಯವನ್ನು ಇನ್ನೊಂದು ಕಥೆಯಲ್ಲಿ ಮಲತಾಯಿ ಮಾಡಿದರೆ ಶಾಪ ಹಾಕುತ್ತಾರೆ. ಕೇಳುಗರು ಕ್ರಿಯೆಯನ್ನು ಅದು ಇರುವ ಜಾಗದಿಂದ ಅಳೆಯುತ್ತಾರೆ. ಸಾವಿಗಳು ಮಾಡಿದ್ದೂ ಅದನ್ನೇ. ತಪ್ಪು ಕೇಳಿಸಿಕೊಂಡವರು ಅವರಲ್ಲ. ಧ್ವನಿಯಲ್ಲಿ ಎಮಿಕ್ ಘಟಕವನ್ನು ಹುಡುಕುವ ತರಬೇತಿ ಪರಂಪರೆಯು ಕಥೆಯಲ್ಲಿಯೂ ಅದನ್ನು ಹುಡುಕಬೇಕೆಂದು ಕಲಿಸಿರಲಿಲ್ಲ.

ಮುಂದೆ ನಡೆದದ್ದು ಗ್ರಂಥಕ್ಕೆ ಹೆಸರು ತಂದ ಘಟನೆ. ಕಾದಾಡುತ್ತಿದ್ದ ಹಳ್ಳಿಗಳು ಸಂಧಿಗೆ ಒಪ್ಪಿದಾಗ ಒಬ್ಬ ತಂದೆ ತನ್ನ ಒಬ್ಬನೇ ಮಗನನ್ನು ಶತ್ರುಹಳ್ಳಿಗೆ ಕೊಟ್ಟ. ಆ ಮಗು ಬದುಕಿರುವವರೆಗೆ ಸಂಧಿ ಉಳಿಯುತ್ತದೆ. ಇಂಥ ಮಗುವನ್ನು ಸಾವಿಗಳು ‘ತರೋಪ್ ತಿಮ್’ ಎನ್ನುತ್ತಾರೆ. ದ್ರೋಹವನ್ನು ಹೊಗಳುವ ಆ ಸಮಾಜದಲ್ಲಿಯೂ ಈ ಮಗುವಿಗೆ ಕೇಡು ಬಗೆಯುವುದು ಕ್ಷಮಿಸಲಾಗದ ಅಪರಾಧ. ರಿಚರ್ಡ್‌ಸನ್ ಯೇಸುವನ್ನು ದೇವರು ಕೊಟ್ಟ ತರೋಪ್ ಎಂದು ವಿವರಿಸಿದರು. ಆ ಕೂಡಲೇ ಯೂದ ವೀರನ ಸ್ಥಾನದಿಂದ ಕೆಳಗಿಳಿದು ಸಂಧಿಯ ಮಗುವನ್ನು ಕೊಂದವನಾದ.

ಕಥನತಂತ್ರದ ದೃಷ್ಟಿಯಿಂದ ಇದು ನಿಜಕ್ಕೂ ಸೂಕ್ಷ್ಮವಾದ ಗ್ರಹಿಕೆ. ಕಥೆಯ ಒಂದು ಘಟಕವನ್ನು ಸ್ಥಳೀಯ ವರ್ಗೀಕರಣದ ಬೇರೊಂದು ಮನೆಗೆ ಸೇರಿಸಿದಾಗ ಇಡೀ ಕಥೆಯ ಅರ್ಥ ಮಗುಚಿಕೊಂಡಿತು. ಆದರೆ ವಿಮರ್ಶಕರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ರಿಚರ್ಡ್‌ಸನ್ ಅವರೇ ಪ್ರಾಮಾಣಿಕವಾಗಿ ಬರೆದಿರುವ ವಿಷಯ. ದೂರದೂರವಿದ್ದ ಹಳ್ಳಿಗಳು ಒಂದೆಡೆ ಸೇರಿದ್ದು ಅವರ ಮನೆಯ ಹತ್ತಿರವಿರಬೇಕೆಂದು; ಕಾದಾಟ ಹೆಚ್ಚಿದ್ದು ಆ ಸಾಮೀಪ್ಯದಿಂದ; ಸಂಧಿ ನಡೆದದ್ದು ತಾವು ಬಿಟ್ಟುಹೋಗುವುದಾಗಿ ಅವರು ಹೇಳಿದ ಮೇಲೆ. ಉಕ್ಕಿನ ಕೊಡಲಿ ಮತ್ತು ಔಷಧಿ ಅವರೊಂದಿಗೆ ಬಂದಿದ್ದವು. ಹಾಗಾದರೆ ತರೋಪ್ ಕೊಟ್ಟ ತಂದೆಯ ತ್ಯಾಗದ ಹಿಂದೆ ಮಿಷನರಿಯ ಉಪಸ್ಥಿತಿಯೂ ಒಂದು ಕಾರಣವಾಗಿತ್ತು. ಆಚರಣೆಯನ್ನು ಅದರ ಸಂದರ್ಭದಿಂದ ಬಿಡಿಸಿ ದೃಷ್ಟಾಂತವಾಗಿ ಮಾಡುವಾಗ ಈ ಕಾರಣ ಕಥೆಯ ಅಂಚಿಗೆ ಸರಿಯುತ್ತದೆ.

ಎರಡನೆಯದು ಇನ್ನೂ ಮುಖ್ಯವಾದುದು. ಪ್ರತಿಯೊಂದು ಸಂಸ್ಕೃತಿಯಲ್ಲಿಯೂ ಸುವಾರ್ತೆಯನ್ನು ಸೂಚಿಸುವ ಒಂದು ಆಚರಣೆಯನ್ನು ದೇವರು ಮೊದಲೇ ಇಟ್ಟಿರುತ್ತಾನೆ ಎಂಬ ಸಿದ್ಧಾಂತವನ್ನು ರಿಚರ್ಡ್‌ಸನ್ ಈ ಅನುಭವದಿಂದ ರೂಪಿಸಿದರು. ಈ ನೋಟದಲ್ಲಿ ತರೋಪ್ ಸಾವಿಗಳ ಸ್ವಂತ ನ್ಯಾಯಚಿಂತನೆಯಾಗಿ ಉಳಿಯುವುದಿಲ್ಲ. ಬೇರೆಲ್ಲೋ ನಡೆದ ಪೂರ್ಣ ಕಥೆಯೊಂದರ ನೆರಳಾಗುತ್ತದೆ. ಜನಪದ ರಾಮಾಯಣ, ಮಹಾಭಾರತಗಳನ್ನು ಶಿಷ್ಟಕಾವ್ಯದ ಅಪಭ್ರಂಶಗಳೆಂದು ಕಂಡ ನಮ್ಮ ಹಳೆಯ ವಿದ್ವತ್ತಿಗೂ ಈ ನೋಟಕ್ಕೂ ರಕ್ತಸಂಬಂಧವಿದೆ. ಎರಡೂ ಕಡೆ ಜನಪದದ ಬೆಲೆ ಅದರಾಚೆಗಿನ ಗ್ರಂಥದಿಂದ ಬರುತ್ತದೆ.

‘ನೀನು ಅವನನ್ನು ಕಂಡೆಯಾ?’

ಸಾವಿಗಳು ಕಥೆಯನ್ನು ತಮ್ಮ ಮನೆಯೊಳಗೆ ಸೇರಿಸಿಕೊಂಡರು. ಕಥೆಯನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿದ ಸಮುದಾಯವೊಂದರ ಚಿತ್ರ ಎರಡನೆಯ ಗ್ರಂಥದಲ್ಲಿದೆ. ಡೇನಿಯಲ್ ಎವರೆಟ್ 1977ರಲ್ಲಿ ಕುಟುಂಬ ಸಮೇತ ಬ್ರೆಜಿಲ್‌ನ ಮೈಸಿ ನದಿಯ ದಡದ ಪಿರಹಾ ಜನರಲ್ಲಿಗೆ ಹೋದರು. ಪೈಕ್ ಪರಂಪರೆಯ ಭಾಷಾವಿಜ್ಞಾನ, ಚಿಯಾಪಾಸಿನ ಕಾಡಿನ ತರಬೇತಿ ಎರಡನ್ನೂ ಪಡೆದವರು ಅವರು. ಕೆಲವೇ ನೂರು ಜನರಿರುವ ಈ ಸಮುದಾಯದಲ್ಲಿ ಅವರಿಗಿಂತ ಮುಂಚೆ ದುಡಿದ ಅನುವಾದಕರೂ ಒಬ್ಬನನ್ನಾದರೂ ಮತಾಂತರಗೊಳಿಸಿರಲಿಲ್ಲ. ಎವರೆಟ್ ಭಾಷೆಯನ್ನು ಚೆನ್ನಾಗಿ ಕಲಿತರು, ಸುವಾರ್ತೆಯ ಭಾಗಗಳನ್ನು ಅನುವಾದಿಸಿದರು. ಯೇಸುವಿನ ಕಥೆಯನ್ನು ಕೇಳಿದ ಪಿರಹಾಗಳು ಕೇಳಿದ ಪ್ರಶ್ನೆ ಸರಳವಾಗಿತ್ತು. ನೀನು ಅವನನ್ನು ಕಂಡೆಯಾ? ಇಲ್ಲ. ನಿನ್ನ ತಂದೆ ಕಂಡನೆ? ಇಲ್ಲ. ಹಾಗಾದರೆ ಅವನ ವಿಷಯ ನಮಗೇಕೆ ಹೇಳುತ್ತೀಯೆ?

ಮಿಷನರಿಗಳ ಸಭೆಗಳಲ್ಲಿ ಕೇಳುಗರನ್ನು ಕರಗಿಸುವ ತಮ್ಮ ಸಾಕ್ಷ್ಯಕಥನವನ್ನೂ ಎವರೆಟ್ ಅವರಿಗೆ ಹೇಳಿನೋಡಿದರು. ತಮ್ಮ ಮಲತಾಯಿ ಆತ್ಮಹತ್ಯೆ ಮಾಡಿಕೊಂಡದ್ದು, ಅನಂತರ ತಾವು ದೇವರ ಕಡೆ ತಿರುಗಿದ್ದು ಅದರ ವಸ್ತು. ಪಿರಹಾಗಳು ನಕ್ಕರು. ತಮ್ಮಲ್ಲಿ ಯಾರೂ ತಮ್ಮನ್ನು ತಾವು ಕೊಂದುಕೊಳ್ಳುವುದಿಲ್ಲ ಎಂದರು. ಒಂದು ಸಮುದಾಯದಲ್ಲಿ ಕಣ್ಣೀರು ತರಿಸುವ ಪ್ರಕಾರ ಇನ್ನೊಂದರಲ್ಲಿ ಹಾಸ್ಯವಾಯಿತು. ಇಂಥ ಅನುಭವಗಳು ಬೆಳೆದು ಕೊನೆಗೆ ಎವರೆಟ್ ತಮ್ಮ ನಂಬಿಕೆಯನ್ನೇ ತೊರೆದರು. ಹೇಳಲು ಹೋದವನು ಕೇಳುಗನಾಗಿ ಮಾರ್ಪಟ್ಟ ಈ ಕಥೆ ವ್ಯಾಪಕ ಚರ್ಚೆಗೆ ಒಳಗಾಗಿದೆ.

ಪಿರಹಾಗಳ ಪ್ರಶ್ನೆಗೆ ಅವರ ವ್ಯಾಕರಣದಲ್ಲಿಯೂ ಬೇರಿದೆ. ಹೇಳುವ ಸಂಗತಿಯನ್ನು ತಾನು ಕಂಡದ್ದೇ, ಊಹಿಸಿದ್ದೇ, ಬೇರೆಯವರಿಂದ ಕೇಳಿದ್ದೇ ಎಂಬುದನ್ನು ಸೂಚಿಸುವ ಪ್ರತ್ಯಯಗಳು ಆ ಭಾಷೆಯ ಕ್ರಿಯಾಪದಕ್ಕಿವೆ. ಕನ್ನಡಿಗರಿಗೆ ಇದನ್ನು ಅರಿಯುವುದು ಕಷ್ಟವಲ್ಲ. ‘ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಅಜ್ಜಿ ಕಥೆ ತೊಡಗುವಾಗ ಆ ‘ಅಂತೆ’ ಇಡೀ ಕಥೆಯ ಮೇಲೆ ಒಂದು ಮುದ್ರೆಯೊತ್ತುತ್ತದೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ಇದರ ಸತ್ಯಕ್ಕೆ ನಾನು ಹೊಣೆಯಲ್ಲ. ಪುರಾಣದ ಗದ್ಯ ‘ಇದ್ದನು’ ಎನ್ನುತ್ತದೆ. ಅಲ್ಲಿ ಗ್ರಂಥವೇ ಹೊಣೆ. ತುಳುನಾಡಿನ ಕೋಲದಲ್ಲಿ ದೈವದ ನುಡಿ ‘ನಾನು’ ಎಂದೇ ಬರುತ್ತದೆ. ಅಲ್ಲಿ ಕೇಳಿದ್ದು, ಕಂಡದ್ದು ಎಂಬ ಭೇದವೇ ಇಲ್ಲ, ಏಕೆಂದರೆ ದೈವ ಎದುರಿಗೆ ನಿಂತಿದೆ. ಕನ್ನಡ ಬೈಬಲಿನ ಸುವಾರ್ತೆಗಳು ಈ ಮೂರರಲ್ಲಿ ಎರಡನೆಯ ದಾರಿಯನ್ನು ಹಿಡಿದಿವೆ. ‘ಅಂತೆ’ ಎಂದಿದ್ದರೆ ಅವು ಅಜ್ಜಿಕಥೆಗಳಾಗುತ್ತಿದ್ದವು. ಕನ್ನಡಕ್ಕೆ ಗ್ರಂಥದ ಪರಂಪರೆಯಿದ್ದುದರಿಂದ ಈ ಆಯ್ಕೆ ಸಾಧ್ಯವಾಯಿತು. ಪಿರಹಾಗಳಿಗೆ ಗ್ರಂಥದ ಹೊಣೆಗಾರಿಕೆ ಎಂಬ ಪ್ರಕಾರವೇ ಇರಲಿಲ್ಲ. ಕಂಡವನು ಹೊಣೆ, ಇಲ್ಲವೇ ಯಾರೂ ಇಲ್ಲ.

ಆದರೆ ಎವರೆಟ್ ಅವರ ತೀರ್ಮಾನವನ್ನು ಪೂರ್ತಿಯಾಗಿ ಒಪ್ಪುವುದು ಸಾಧ್ಯವಿಲ್ಲ. ಪಿರಹಾಗಳಲ್ಲಿ ಸೃಷ್ಟಿಪುರಾಣವಿಲ್ಲ, ಕಟ್ಟುಕಥೆಯಿಲ್ಲ, ನೇರ ಅನುಭವಕ್ಕೆ ಸಿಕ್ಕದ್ದನ್ನು ಅವರು ಮಾತಾಡುವುದೇ ಇಲ್ಲ ಎಂದು ಅವರು 2005ರಿಂದ ವಾದಿಸಿದ್ದಾರೆ. ಇದಕ್ಕೆ ಭಾಷಾವಿಜ್ಞಾನಿಗಳಿಂದ 2009ರಲ್ಲಿ ವಿಸ್ತೃತ ಆಕ್ಷೇಪಗಳು ಬಂದವು. ಬ್ರೆಜಿಲ್‌ನ ಮಾನವಶಾಸ್ತ್ರಜ್ಞ ಮಾರ್ಕೊ ಅಂಟೋನಿಯೊ ಗೊನ್ಸಾಲ್ವೆಸ್ 2001ರಲ್ಲಿಯೇ ಪಿರಹಾಗಳ ವಿಶ್ವಕಲ್ಪನೆಯನ್ನು ಕುರಿತು ಒಂದು ಇಡೀ ಗ್ರಂಥ ಬರೆದಿದ್ದರು. ಎವರೆಟ್ ಅವರ ಪುಸ್ತಕವೇ ತನ್ನ ವಾದಕ್ಕೆ ವಿರುದ್ಧ ಸಾಕ್ಷ್ಯವನ್ನು ಒದಗಿಸುತ್ತದೆ. ಪುಸ್ತಕದ ಆರಂಭದಲ್ಲಿ ಇಡೀ ಹಳ್ಳಿ ನದಿಯ ಎದುರು ದಡದ ಮರಳಿನ ಮೇಲೆ ನಿಂತ ಆತ್ಮವೊಂದನ್ನು ನೋಡುತ್ತಿರುತ್ತದೆ. ಎವರೆಟ್‌ಗೂ ಅವರ ಮಗಳಿಗೂ ಅಲ್ಲಿ ಬರಿ ಮರಳು ಕಾಣಿಸುತ್ತದೆ. ಇನ್ನೊಂದೆಡೆ ಪಿರಹಾ ಗಂಡಸರು ರಾತ್ರಿ ಕಾಡಿನಿಂದ ಆತ್ಮಗಳ ದನಿಯಲ್ಲಿ ಮಾತಾಡುವುದನ್ನು ಅವರು ವಿವರಿಸುತ್ತಾರೆ ಮತ್ತು ಅದನ್ನು ರಂಗಪ್ರದರ್ಶನಕ್ಕೆ ಹೋಲಿಸುತ್ತಾರೆ.

ಕೋಲವನ್ನು ಕಂಡ ಯಾವ ಜಾನಪದ ಅಧ್ಯಯನಕಾರನೂ ಇದನ್ನು ‘ಪುರಾಣವಿಲ್ಲದ ಸಮಾಜ’ ಎನ್ನಲಾರ. ಅಲ್ಲಿ ಪುರಾಣ ಹೇಳಿಕೆಯ ರೂಪದಲ್ಲಿಲ್ಲ, ಸಾನ್ನಿಧ್ಯದ ರೂಪದಲ್ಲಿದೆ. ದೈವ ಆವೇಶಗೊಂಡಾಗ ನುಡಿಯುವವನು ಪಾತ್ರಿಯಲ್ಲ, ದೈವ ಎಂಬುದು ಕೋಲದ ನಿಯಮ. ಹಾಗೆ ನೋಡಿದರೆ ಪಿರಹಾಗಳ ಪ್ರಶ್ನೆ ನಾಸ್ತಿಕರ ಪ್ರಶ್ನೆಯಲ್ಲ. ನಮ್ಮ ಆತ್ಮಗಳು ಬಂದು ನಮ್ಮೆದುರೇ ಮಾತಾಡುತ್ತವೆ, ನಿನ್ನವನು ಏಕೆ ಬರಲಿಲ್ಲ ಎಂಬುದು ಅದರ ಒಳಾರ್ಥವಿರಬಹುದು. ಎವರೆಟ್ ನಂಬಿಕೆಯನ್ನು ತೊರೆದರೂ ಕಥೆಯೆಂದರೆ ನಿರೂಪಣೆಯ ಪಠ್ಯ ಎಂಬ ತರಬೇತಿಯ ಗ್ರಹಿಕೆಯನ್ನು ತೊರೆಯಲಿಲ್ಲ. ಅದು ಸಿಗದಿದ್ದಾಗ ‘ಇಲ್ಲ’ ಎಂದು ಬರೆದರು.

ಭಾಷೆಯನ್ನೇ ತಿಳಿಯದೆ, ಕೇಳುವ ಮುನ್ನವೇ ಹೇಳಹೊರಟ ದುರಂತ ನಮ್ಮ ದೇಶದಲ್ಲಿಯೇ ನಡೆದಿದೆ. 2018ರ ನವೆಂಬರಿನಲ್ಲಿ ಅಮೆರಿಕದ ಯುವಕ ಜಾನ್ ಅಲೆನ್ ಚೌ ಕಾನೂನನ್ನು ಮೀರಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಪ್ರಾಣ ಕಳೆದುಕೊಂಡ. ಆತ ಮಿಷನರಿ ತರಬೇತಿ ಪಡೆದಿದ್ದ. ಆದರೆ ಆ ದ್ವೀಪದವರ ಭಾಷೆ ಹೊರಗಿನ ಯಾರಿಗೂ ತಿಳಿಯದು. ಹೊರಗಿನವರ ಸಾಮಾನ್ಯ ರೋಗಗಳೂ ಆ ಸಣ್ಣ ಸಮುದಾಯವನ್ನು ಅಳಿಸಬಲ್ಲವು. ಅವರ ಬಾಣವೂ ಒಂದು ಉತ್ತರವಾಗಿತ್ತು. ಅದನ್ನು ಅವರು ಅದಕ್ಕೆ ಮುಂಚೆಯೂ ಹಲವು ಬಾರಿ ಕೊಟ್ಟಿದ್ದರು.

ಲಿಪಿಯ ಒಡೆತನ

ಕೇಳುಗರ ಮೂರನೆಯ ಬಗೆಯ ಉತ್ತರವೊಂದಿದೆ. ಅದು ಸ್ವೀಕಾರವೂ ಅಲ್ಲ, ನಿರಾಕರಣೆಯೂ ಅಲ್ಲ. 1841ರಲ್ಲಿ ಖಾಸಿ ಬೆಟ್ಟಗಳಿಗೆ ಬಂದ ವೇಲ್ಸ್‌ನ ಮಿಷನರಿ ಥಾಮಸ್ ಜೋನ್ಸ್ ಖಾಸಿ ಭಾಷೆಗೆ ರೋಮನ್ ಲಿಪಿಯನ್ನು ಹೊಂದಿಸಿದರು. ಉದ್ದೇಶ ಸುವಾರ್ತೆಯ ಓದು. ಅರ್ಧ ಶತಮಾನ ಕಳೆದ ಮೇಲೆ ಜೀಬನ್ ರಾಯ್ ಅದೇ ಲಿಪಿಯಲ್ಲಿ ಖಾಸಿಗಳ ಸ್ವಂತ ಧರ್ಮವನ್ನು ಕುರಿತು ಬರೆದರು, ಮುದ್ರಣಾಲಯ ತೆರೆದರು. 1899ರಲ್ಲಿ ಸ್ಥಾಪನೆಯಾದ ‘ಸೆಂಗ್ ಖಾಸಿ’ ಸಂಘಟನೆ ಖಾಸಿ ಆಚರಣೆಗಳ ರಕ್ಷಣೆಗೆ ನಿಂತಿತು. ಅದೇ ಬೆಟ್ಟಗಳಲ್ಲಿ ಕ್ರೈಸ್ತರಾದ ಬಹುಸಂಖ್ಯೆಯ ಖಾಸಿಗಳು ಬೈಬಲನ್ನೂ ತಮ್ಮದನ್ನಾಗಿಯೇ ಮಾಡಿಕೊಂಡರು ಎಂಬುದನ್ನೂ ಮರೆಯಬಾರದು. ಅವರನ್ನು ವಂಚನೆಗೊಳಗಾದವರೆಂದು ಹೊರಗಿನ ವಿಮರ್ಶಕ ತೀರ್ಮಾನಿಸುವುದು ಇನ್ನೊಂದು ಬಗೆಯ ಅಹಂಕಾರ. ಲಿಪಿ ಕೊಟ್ಟವನ ಕೈಬಿಟ್ಟು ಕೊಂಡವರ ಕೈಸೇರಿದ ಮೇಲೆ ಅದರಲ್ಲಿ ಏನನ್ನು ಬರೆಯಬೇಕೆಂಬುದು ಅವರ ತೀರ್ಮಾನ.

ನಮ್ಮ ಕರಾವಳಿಯ ಉದಾಹರಣೆ ಇದಕ್ಕಿಂತ ಜಟಿಲವಾದುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತುಳುವಿಗೆ ಕನ್ನಡ ಲಿಪಿಯನ್ನು ಬಳಸಿ ಬೈಬಲಿನ ಭಾಗಗಳನ್ನು ಹೊರತಂದಿತು. ಭಾಷೆ ಕಲಿಯಲು ಪಠ್ಯಗಳು ಬೇಕಾಗಿದ್ದವು. ತುಳುವಿನ ಸಮೃದ್ಧ ಪಠ್ಯಗಳಿದ್ದದ್ದು ಭೂತಾರಾಧನೆಯ ಪಾಡ್ದನಗಳಲ್ಲಿ. 1886ರಲ್ಲಿ ತುಳು-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಮ್ಯಾನರ್ ಅವರೇ ಅದೇ ವರ್ಷ ಪಾಡ್ದನಗಳ ಸಂಕಲನವನ್ನೂ ಹೊರತಂದರು. ನ್ಯಾಯಾಧೀಶರಾಗಿದ್ದ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರ ಮರಣಾನಂತರ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅನುವಾದ ಸಮೇತ ಪ್ರಕಟವಾದವು. ಆ ಲೇಖನಮಾಲೆಯ ಹೆಸರೇ ‘ತುಳುವರ ಪಿಶಾಚಾರಾಧನೆ’ ಎಂಬ ಅರ್ಥ ಕೊಡುವಂಥದ್ದು. ಶೀರ್ಷಿಕೆ ತೀರ್ಪನ್ನು ಕೊಟ್ಟಿತು, ಒಳಗಿನ ಪುಟಗ  ಳು ಸಾಹಿತ್ಯವನ್ನು ಉಳಿಸಿದವು. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ (1985) ಮೊದಲಾದ ಅಧ್ಯಯನಗಳು ಪಾಡ್ದನಗಳನ್ನು ಅವು ಹಾಡಲ್ಪಡುವ ಗದ್ದೆಗೆ, ಆರಾಧನೆಯ ಅಂಗಳಕ್ಕೆ ಮರಳಿ ಕೊಂಡೊಯ್ದವು.

ನಮ್ಮ ಕ್ಷೇತ್ರಕಾರ್ಯದ ಕಡೆಗೆ

ಇಲ್ಲಿಯವರೆಗಿನ ವಿವೇಚನೆ ಮಿಷನರಿಗಳನ್ನು ಕುರಿತದ್ದು. ಅದು ಅಲ್ಲಿಗೇ ನಿಂತರೆ ಅರ್ಧಸತ್ಯವಾಗುತ್ತದೆ. ಜಾನಪದ ಸಂಶೋಧಕರಾದ ನಮ್ಮ ತರಬೇತಿಯೂ ಬಹುಮಟ್ಟಿಗೆ ಇದೇ ಮಾದರಿಯದು. ದೂರದ ಹಾಡಿಗೆ ಹೋಗುವುದು, ವಕ್ತೃವನ್ನು ಗುರುತಿಸುವುದು, ಧ್ವನಿಮುದ್ರಿಸುವುದು, ಲಿಪ್ಯಂತರಿಸುವುದು, ಪಠ್ಯವನ್ನು ಹೊತ್ತು ಮರಳುವುದು. ಮಿಷನರಿ ಹೇಳುವುದಕ್ಕಾಗಿ ಕೇಳಿದರೆ ನಾವು ಒಯ್ಯುವುದಕ್ಕಾಗಿ ಕೇಳಿದೆವು.

ಪಿಎಚ್.ಡಿ. ಅಧ್ಯಯನಕ್ಕಾಗಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉತ್ತರ ಕನ್ನಡದ ಕರಾವಳಿಯಲ್ಲಿ ನಾನು ನಾಟಿ ಹಾಡುಗಳನ್ನು ಸಂಗ್ರಹಿಸುತ್ತಿದ್ದೆ. ಬೇಸಗೆಯ ಒಂದು ಮಧ್ಯಾಹ್ನ ವೃದ್ಧ ಹಾಡುಗಾರ್ತಿಯೊಬ್ಬರನ್ನು ಅವರ ಮನೆಯ ಜಗಲಿಯ ಮೇಲೆ ಕೂರಿಸಿ ಹಾಡಿಸಿದೆ. ಇದು ಗದ್ದೆಯ ಹಾಡು, ಕೈಗೆ ಸಸಿ ಬರದೆ ಬಾಯಿಗೆ ಸೊಲ್ಲು ಬರುವುದಿಲ್ಲ ಎಂದು ಅವರು ನಡುನಡುವೆ ನಿಲ್ಲಿಸಿ ಹೇಳುತ್ತಿದ್ದರು. ಹಾಡು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನೆಲ್ಲ ಬರೆದುಕೊಂಡು ಹೋಗಿ ಯಾರ ಮುಂದೆ ಹಾಡುತ್ತೀ ತಮ್ಮಾ?’ ನಾನು ನಕ್ಕು ಸುಮ್ಮನಾದೆ. ಮಹಾಪ್ರಬಂಧದಲ್ಲಿ ಹಾಡನ್ನು ‘ಪೂರ್ಣಪಠ್ಯ’ ಎಂಬ ಶೀರ್ಷಿಕೆಯಡಿ ಅಚ್ಚುಕಟ್ಟಾಗಿ ಕೊಟ್ಟೆ. ಅವರ ನಿಲುಗಡೆಗಳನ್ನೂ ಮಾತುಗಳನ್ನೂ ಆ ಪ್ರಶ್ನೆಯನ್ನೂ ‘ಅಪ್ರಸ್ತುತ’ವೆಂದು ತೆಗೆದುಹಾಕಿದೆ. ಅನಂತರ ಒಂದು ಮಳೆಗಾಲದಲ್ಲಿ ಅದೇ ಊರಿನ ಗದ್ದೆಯಲ್ಲಿ ಅದೇ ಹಾಡು ನಾನು ಅಚ್ಚುಹಾಕಿದ್ದರ ಎರಡರಷ್ಟು ಉದ್ದಕ್ಕೆ ಹರಿಯುವುದನ್ನು ಕೇಳಿದೆ. ಆ ವೇಳೆಗೆ ಆ ಅಮ್ಮ ತೀರಿಕೊಂಡಿದ್ದರು. ಎವರೆಟ್ ಅವರನ್ನು ಓದುವಾಗ ನನಗೆ ನೆನಪಾದದ್ದು ಆ ಜಗಲಿ. ನೀನು ಅವನನ್ನು ಕಂಡೆಯಾ ಎಂಬುದೂ, ಯಾರ ಮುಂದೆ ಹಾಡುತ್ತೀ ಎಂಬುದೂ ಒಂದೇ ಜಾತಿಯ ಪ್ರಶ್ನೆಗಳು. ಮಾತಿಗೆ ಹೊಣೆ ಯಾರು ಎಂದು ಎರಡೂ ಕೇಳುತ್ತವೆ.

ಬೇರೆ ದಾರಿಗಳಿಲ್ಲವೆಂದಲ್ಲ. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ ಸೇರಿ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರಿಂದ ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾದಾಗ ಹಾಡಿದವರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಇತ್ತು. ಪಠ್ಯ ಹೇಗೆ ಪಠ್ಯವಾಯಿತೆಂಬುದನ್ನು ವಿವರಿಸುವ ಪ್ರತ್ಯೇಕ ಸಂಪುಟವೂ ಅದರೊಂದಿಗೆ ಬಂದಿತು. ಹಾಡುಗಾರನನ್ನು ‘ವಕ್ತೃ’ವೆಂಬ ಅನಾಮಧೇಯ ಸ್ಥಾನದಿಂದ ಎತ್ತಿ ಕರ್ತೃಸ್ಥಾನದಲ್ಲಿ ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಬೈಬಲ್ ಅನುವಾದದಲ್ಲಿ ವರ್ಷಗಟ್ಟಲೆ ಜೊತೆಗಿದ್ದು ಪದಪದವನ್ನೂ ತಿದ್ದಿಕೊಟ್ಟ ಸ್ಥಳೀಯ ಸಹಾಯಕರ ಹೆಸರು ಸಾಮಾನ್ಯವಾಗಿ ಮುಖಪುಟದಲ್ಲಿ ಇರುವುದಿಲ್ಲ. ನಮ್ಮ ಹೆಚ್ಚಿನ ಸಂಕಲನಗಳಲ್ಲಿಯೂ ಅವರು ಅನುಬಂಧದ ಪಟ್ಟಿಯಲ್ಲಿದ್ದಾರೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಸಾವಿಗಳು ಕಥೆಯನ್ನು ತಮ್ಮ ವರ್ಗೀಕರಣದಲ್ಲಿ ಕೂರಿಸಿ ಅರ್ಥೈಸಿದರು. ಪಿರಹಾಗಳು ಸಾಕ್ಷ್ಯ ಕೇಳಿ ಹಿಂದಿರುಗಿಸಿದರು. ಖಾಸಿಗಳು ಲಿಪಿಯನ್ನು ಪಡೆದು ತಮಗೆ ಬೇಕಾದುದನ್ನೂ ಬರೆದರು. ಮೂರೂ ಕಡೆ ಕೇಳುಗರು ವಿಮರ್ಶಕರಾಗಿಯೇ ನಡೆದುಕೊಂಡಿದ್ದಾರೆ. ಆದುದರಿಂದ ರಿಚರ್ಡ್‌ಸನ್ ಅವರದು ಗೆಲುವು, ಎವರೆಟ್ ಅವರದು ಸೋಲು ಎಂಬ ಲೆಕ್ಕ ಹೇಳುವವನ ಲೆಕ್ಕ ಮಾತ್ರ. ಕೇಳುಗರ ಕಡೆಯಿಂದ ಎರಡೂ ಒಂದೇ ಬಗೆಯ ವಿವೇಕದ ಪ್ರಯೋಗಗಳು. ಭಾಷೆಯ ಧ್ವನಿಯನ್ನು ಒಳಗಿನವರ ಕಿವಿಯಿಂದ ಕೇಳಬೇಕೆಂದು ಪೈಕ್ ಕಲಿಸಿದ ಪಾಠವನ್ನು ಕಥೆಗೂ, ಕಥೆಯ ಹೊಣೆಗಾರಿಕೆಗೂ ವಿಸ್ತರಿಸದಿದ್ದುದು ಆ ತರಬೇತಿಯ ಮುಖ್ಯ ಕೊರತೆ. ಅದೇ ಪಾಠವನ್ನು ಎರವಲು ಪಡೆದ ನಮ್ಮ ಶಾಸ್ತ್ರದ ಕೊರತೆಯೂ ಅದೇ ಆಗಿದೆ.

ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಹೊಸ ತಲೆಮಾರಿನ ಸಂಶೋಧಕರಿಗೆ ಕ್ಷೇತ್ರಕಾರ್ಯದ ತರಬೇತಿ ಕೊಡುವಾಗ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿದೆ. ವಕ್ತೃಗಳು ಸಂಗ್ರಾಹಕರನ್ನು ಕೇಳಿದ ಪ್ರಶ್ನೆಗಳನ್ನೂ ಪಠ್ಯದ ಭಾಗವಾಗಿ ದಾಖಲಿಸಬೇಕು. ಈಗಾಗಲೇ ಸಂಗ್ರಹಗೊಂಡು ಕಪಾಟುಗಳಲ್ಲಿರುವ ಧ್ವನಿಸುರುಳಿಗಳ ಪ್ರತಿಗಳನ್ನು ಹಾಡಿದವರ ಊರುಗಳಿಗೆ, ಅವರ ಮಕ್ಕಳು ಮೊಮ್ಮಕ್ಕಳ ಕೈಗೆ ಹಿಂದಿರುಗಿಸಬೇಕು. ಆ ನಾಟಿ ಹಾಡಿನ ಸುರುಳಿ ಇಂದಿಗೂ ನನ್ನ ಬಳಿಯಿದೆ. ಮುಂದಿನ ನಾಟಿಯ ಹೊತ್ತಿಗೆ ಅದರ ಪ್ರತಿಯೊಂದನ್ನು ಆ ಮನೆಗೆ ತಲುಪಿಸುವುದು ಈ ಲೇಖನ ನನ್ನ ಮೇಲೆ ಹೊರಿಸಿರುವ ಮೊದಲ ಹೊಣೆ.